ಕ್ಲಚ್ಚಿಗೆ ಹೋದ ಕದಿರು

"ಬ್ರಿಟಿಷರನ್ನೇ ಓಡ್ಸ್‌ದವ ನಾನ್! ಒಂದ್ ಕ್ಲಚ್ ಪೆಡಲ್ ಯಾವ ಲೆಕ್ಕ!"

ನಲವತ್ತೇಳನೇ ಇಸವಿ, ಆಗಸ್ಟ್ ಹದಿನಾಲ್ಕರ ಮಧ್ಯಾಹ್ನ, ಯಡ್ತರೆಯ ತನ್ನ ಅಂಗಳದಲ್ಲಿ ವ್ಯಾನಿನಡಿ ಅಂಗಾತ ಮಲಗಿ ಚಂದಯ್ಯ ಶೆಟ್ಟಿ ಹೀಗೆ ಘೋಷಿಸಿದ. ಕೇಳಲು ಇದ್ದದ್ದು ಹೆಂಡತಿ ಕುಸುಮಾವತಿ ಮತ್ತು ಒಂದು ಹೇಂಟೆ. ಹೇಂಟೆ ಎದ್ದು ಹೋಯಿತು.

ಯುದ್ಧ ಮುಗಿದ ಮೇಲೆ ಗುಜರಿಗೆ ಹೋಗಬೇಕಾಗಿದ್ದ ವ್ಯಾನು ಅದು. ದಾರಿ ತಪ್ಪಿ ಚಂದಯ್ಯನ ಮನೆಗೆ ಬಂದಿತ್ತು. ಕ್ಲಚ್ ಪೆಡಲು ಸವೆದು ಕನ್ನಡಿಯಾಗಿತ್ತು, ಕಾಲಿಟ್ಟರೆ ಜಾರುತ್ತಿತ್ತು. ಅದನ್ನು ಹಿಡಿದಿದ್ದ ಪಿನ್ನು ತೆಳುವಾಗಿ ಪೊರಕೆ ಕಡ್ಡಿಯಷ್ಟಾಗಿತ್ತು.

"ಮುತ್ತ ಆಚಾರಿಗೆ ಕೊಡಿ. ಕುಲುಮೆಲ್ ಬಡ್ದ್ ಕೊಡ್ತ" ಎಂದಳು ಕುಸುಮಾವತಿ.

"ಅವ ನಾಡ್ದ್ ಅಂಬ. ನಂಗ್ ನಾಳೆ ಬೆಳಿಗ್ಗೆ ಬೇಕ್."

"ಬೈಂದೂರಿಗೆ ಎರಡ್ ಮೈಲಿ. ನಡ್ಕಂಡ್ ಹ್ವಾಪ ಮಾರಾಯ್ರೆ!"

ಅದೊಂದನ್ನು ಹೇಳಬಾರದಿತ್ತು. ನಲವತ್ತೆರಡರ ಚಳವಳಿಯಲ್ಲಿ ಊರ ಪಟೇಲ ಚೆನ್ನಯ್ಯ ಹೆಗ್ಡೆ ಚಂದಯ್ಯನ ಹೆಸರನ್ನು ಪೊಲೀಸರಿಗೆ ಬರೆದು ಕೊಟ್ಟಿದ್ದ. ಪಟೇಲನ ಆಳು, ಗುಡ್ಡ ಎಂಬ ಉಗ್ರಾಣಿ, ಇವನ ಸೊಂಟಕ್ಕೆ ಹಗ್ಗ ಕಟ್ಟಿ, ಇದೇ ದಾರಿಯಲ್ಲಿ ಬರಿಗಾಲಲ್ಲಿ ಬೈಂದೂರಿನವರೆಗೆ ನಡೆಸಿದ್ದ. ಹಿಂದಿನಿಂದ ಮಕ್ಕಳು ನಗುತ್ತ ಬಂದಿದ್ದವು. ನಾಳೆ ಎಂಟು ಗಂಟೆಗೆ ಅದೇ ಬೈಂದೂರಿನ ಶಾಲೆಯಲ್ಲಿ ಬಾವುಟ ಏರಿಸುವ ಭಾಗ್ಯ ಚಂದಯ್ಯನದು.

"ಆ ದಾರೀಲ್ ನಾನ್ ಇನ್ ನಡೂದಿಲ್ಲ. ಕೂಕಂಡೇ ಹ್ವಾಪ್ದ್!"

ಪೆಡಲು ಜಾರದಂತೆ ತೆಂಗಿನ ಕತ್ತದ ಹಗ್ಗ ಸುತ್ತಿದ್ದಾಯಿತು. ಪಿನ್ನಿಗೆ? ಪರದೇಶದ ಸಾಮಾನು ಮುಟ್ಟುವುದಿಲ್ಲವೆಂಬ ಶಪಥ ಬೇರೆ! ವ್ಯಾನು ಯಾವ ದೇಶದ್ದು ಎಂದು ಕೇಳುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ. ಅವನ ಕಣ್ಣು ಜಗಲಿಯ ಚರಕದ ಮೇಲೆ ಬಿತ್ತು. ನೂಲು ಸುತ್ತುವ ಉಕ್ಕಿನ ಕದಿರು! ಅಪ್ಪಟ ಸ್ವದೇಶಿ!

"ಹ್ವಾಯ್! ಅದ್ ನನ್ ಕದಿರ್! ನೀವ್ ಜೈಲಲ್ ಇಪ್ಪಾಗ ಈ ಮನಿ ಒಲೆ ಉರ್ದದ್ದ್ ಅದ್ರಿಂದ!"

"ಒಂದ್ ದಿನಕ್ಕ್ ಮಾರಾಯ್ತಿ! ದೇಶಕ್ಕಾಗಿ!"

"ದೇಶಕ್ಕ್ ಗಂಡನ್ನ ಕೊಟ್ಟಾಯ್ತ್. ಕದಿರೊಂದ್ ಬಾಕಿ ಇತ್ತ್."

ಮರುದಿನ ಬೆಳಿಗ್ಗೆ ವ್ಯಾನು ಹೊರಟಿತು. ಮುಂದಿನ ಸೀಟಿನಲ್ಲಿ ಕುಸುಮಾವತಿ, ಮಡಿಲಲ್ಲಿ ಅವಳೇ ನೂತ ನೂಲಿನ ಬಾವುಟ. ದಾರಿಯಲ್ಲಿ ಸಿಕ್ಕ ಎಮ್ಮೆಗೂ ಚಂದಯ್ಯ ಸಲಾಮು ಹೊಡೆದ. ಅರ್ಧ ದಾರಿಯಲ್ಲಿ ಎದುರಿಗೊಂದು ಎತ್ತಿನ ಗಾಡಿ ಬಂತು. ಕ್ಲಚ್ ಒತ್ತಿದ. ಟಣಕ್! ಕದಿರು ಬಾಗಿತು, ಪೆಡಲು ಕಳಚಿ ಕಾಲಡಿ ಬಿತ್ತು, ವ್ಯಾನು ನಾಲ್ಕು ಸಲ ಕೆಮ್ಮಿ ಸತ್ತಿತು.

"ಇನ್ನೊಂದೇ ಮೈಲಿ. ಇಳೀರಿ, ನಡೂವ."

"ನಡೂದಿಲ್ಲ ಅಂದ್ನಲೆ!" ಚಂದಯ್ಯ ಆಗಲೇ ಕೆಸರಲ್ಲಿ ವ್ಯಾನಿನಡಿ ತೂರಿದ್ದ.

"ಹಾಂಗಾರೆ ನಾನ್ ನಡೀತೆ. ನಾನ್ ಜೈಲಿಗ್ ಹ್ವಾದವ್ಳಲ್ಲ, ನಂಗ್ ನಡೂಕೆ ನಾಚ್ಕಿ ಇಲ್ಲ."

ಬಾವುಟ ಎದೆಗೊತ್ತಿಕೊಂಡು ಅವಳು ಹೋದಳು. ಸ್ವಲ್ಪ ಹೊತ್ತಿಗೆ ದೂರದಿಂದ ಜಯಕಾರ ಕೇಳಿಸಿತು. ಅಭ್ಯಾಸಬಲ! ವ್ಯಾನಿನಡಿಯಿಂದ ಚಂದಯ್ಯನೂ "ಜೈ" ಅಂದ. ಬಾಯಿಗೆ ಕೆಸರು ಬಿತ್ತು.

ಅಷ್ಟರಲ್ಲಿ ನಾಲ್ಕಾಳು ಕಟ್ಟಿಕೊಂಡು ಉಗ್ರಾಣಿ ಗುಡ್ಡ ಬಂದ. ಕೈಯಲ್ಲಿ ಹಗ್ಗ.

"ಪಟೇಲ್ರ್ ಕಳ್ಸಿದ್ರ್ ಶೆಟ್ರೆ. 'ಪಾಪ, ದೇಶಕ್ಕ್ ದುಡ್ದವ್ರ್, ಎಳ್ಕಂಡ್ ಬಾ' ಅಂದ್ರ್. ನೀವ್ ಒಳ್ಗ್ ಕೂಕಣಿ."

ಗುಡ್ಡ ವ್ಯಾನಿನ ಮುಂದಕ್ಕೆ ಹಗ್ಗ ಬಿಗಿದ. ಅದೇ ಗಂಟು, ಚಂದಯ್ಯನ ಸೊಂಟಕ್ಕೆ ಗುರುತು ಹತ್ತಿತು. ಅವನು ಒಳಗೆ ಕೂತ. ಹಿಂದಿನಿಂದ ಮಕ್ಕಳು ನಗುತ್ತ ಬಂದವು.

ಶಾಲೆಯಲ್ಲಿ ಬಾವುಟ ಮೇಲೆ ಹಾರುತ್ತಿತ್ತು. ಕೆಳಗೆ, ಮಡಿಕೆಯ ಗೆರೆ ಇನ್ನೂ ಮಾಸದ ಹೊಸ ಖಾದಿಯಲ್ಲಿ, ಪಟೇಲ ಚೆನ್ನಯ್ಯ ಹೆಗ್ಡೆ ಕಲ್ಲುಸಕ್ಕರೆ ಹಂಚುತ್ತಿದ್ದ.

"ಬನಿ ಬನಿ ಶೆಟ್ರೆ! ನಿಮ್ಮನ್ನೇ ಕಾದದ್ದ್. ಎಂಟಾಯ್ತಲೆ, ಮತ್ತೆ ನಾನೇ ಏರ್ಸ್‌ದೆ."

ಕುಸುಮಾವತಿ ವ್ಯಾನಿನ ಹತ್ತಿರ ಬಂದಳು. ಚಂದಯ್ಯ ಕೂತಲ್ಲಿಂದಲೇ ಕೇಳಿದ.

"ಬಾವುಟ ಅವ್ನ್ ಕೈಗ್ ಕೊಟ್ಟ್ಯಾ?"

"ಮೇಷ್ಟ್ರ್ ಕೈಗ್ ಕೊಟ್ಟೆ. ಮೇಷ್ಟ್ರ್ ದೊಡ್ಡವ್ರ್ ಯಾರಿದ್ರ್ ಅಂದ್ ಸುತ್ತ ಕಂಡ್ರ್. ನಿಮ್ ಶಪಥ ಉಳೀತಲೆ, ಕೂಕಂಡೇ ಬಂದ್ರಿ." ಅವಳು ಕೈಚಾಚಿದಳು. "ನನ್ ಕದಿರ್ ಕೊಡಿ. ನಾಳೆಗೂ ಗಂಜಿ ಬೇಕ್."

ಚಂದಯ್ಯ ಜೇಬಿನಿಂದ ತೆಗೆದು ಕೊಟ್ಟ. ಕದಿರು ಮೀನಿನ ಗಾಳದ ಹಾಗೆ ಬಾಗಿತ್ತು. ಅವಳು ಅದನ್ನು ತಿರುಗಿಸಿ ನೋಡಿ, ಮತ್ತೆ ಅವನ ಅಂಗೈಯಲ್ಲೇ ಇಟ್ಟಳು.

"ಇದನ್ನಾರೂ ಮುತ್ತ ಆಚಾರಿಗೆ ಕೊಡಿ. ನಡ್ಕಂಡೇ ಹೋಗಿ."