ರೆಸ್ಟ್ ತಗೋರಿ ಅಂದ್ರು ಡಾಕ್ಟರ್

ಮುಂಬೈಯೊಳಗ ಒಬ್ಬ ಮನುಷ್ಯಾ ದಣದಾನ ಅಂತ ಗೊತ್ತಾದ್ರ ಸಾಕು, ಅವಂಗ ಆರಾಮ ಕೊಡಾಕ ಎಲ್ಲಾರೂ ಓಡಿ ಬರ್ತಾರ. ಆ ಗದ್ದಲದಾಗ ಅಂವಾ ಇನ್ನೊಂದಿಷ್ಟು ದಣೀತಾನ. ಇದು ದಿನಾ ಎಲ್ಲೋ ಒಂದು ಕಡೆ ನಡದ ಇರ್ತೈತಿ. ಬ್ಯಾರೇದವ್ರ ಮಾತ್ಯಾಕ, ನಂದ ಕೇಳ್ರಿ. ಧಾರವಾಡದಿಂದ ಬಂದು ಬೊರಿವಲಿಯೊಳಗ ಸಂಸಾರ ಹೂಡಿದಾಂವ ನಾನು. ಚರ್ಚ್‌ಗೇಟ್ ಹತ್ರ ಒಂದು ಸರಕು ಸಾಗಣಿ ಕಂಪನಿಯೊಳಗ ನೌಕರಿ. ಲೋಕಲ್‌ನ್ಯಾಗ ಹೋಗೂದು, ಲೋಕಲ್‌ನ್ಯಾಗ ಬರೂದು, ನಡುವ ಫೋನ್‌ನ್ಯಾಗ ಒದರೂದು. ಇಷ್ಟ ನನ್ನ ಜೀವನ.

ದೇವರಿಗೆ ಉತ್ತರ

ಒಂದಿನ ಮುಂಜಾನೆ ದೇವರ ಮುಂದ ನಿಂತು ಗಂಟಿ ಬಾರ್ಸಿದೆ. ಕೈ ಮುಗದು, ಕಣ್ಣು ಮುಚ್ಚಿ ಅಂದೆ, "ನೋಟೆಡ್ ಸರ್. ಸಂಜಿ ತನಕಾ ಕನ್‌ಫರ್ಮ್ ಮಾಡ್ತೀನಿ."

ಹಿಂದ ನಿಂತಿದ್ದ ನಮ್ಮಾಕಿ ಕೈಯಾಗಿನ ಹೂವಿನ ಬುಟ್ಟಿ ಕೆಳಗಿಟ್ಟಳು. "ಸಾಕು, ನಡೀರಿ ಡಾಕ್ಟರ್ ಕಡೆ," ಅಂದ್ಲು.

ಡಾಕ್ಟರ್ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದ್ರು. ಮತ್ತೊಮ್ಮೆ ನೋಡಿದ್ರು. "ಹಿಂಗ ನಡದ್ರ ಒಂದಿನ ನಿಂತಲ್ಲೇ ಬೀಳ್ತೀರಿ. ಎಂಟು ದಿವಸ ಪೂರಾ ರೆಸ್ಟ್. ಆಮ್ಯಾಲ ಬರ್ರಿ. ಆವಾಗೂ ಇಳೀಲಿಲ್ಲ ಅಂದ್ರ ಜೀವ ಇರೂ ತನಕಾ ಗುಳಿಗಿ," ಅಂದ್ರು. ನಮ್ಮಪ್ಪಗ ಹಿಂಗ ಬಿಪಿ ಏರಿ ಬಾಯಿ ಸೊಟ್ಟ ಆಗಿದ್ದನ್ನ ಕಣ್ಣಾರೆ ನೋಡಿದಾಂವ ನಾನು. ಖರೇನ ಅಂಜಿಕಿ ಬಂತು.

"ಮೊದಲ ಆ ಫೋನ್ ದೂರ ಇಡೂದು ಕಲೀರಿ," ಅಂತ ಡಾಕ್ಟರ್ ಹೇಳಿದ್ರು. ಇಷ್ಟು ಹೇಳೂದ್ರಾಗ ಅವ್ರಿಗೆ ಮೂರು ಫೋನ್ ಬಂದಿದ್ವು.

ದಣಿವು ತಡಿಯೂ ತರಬೇತಿ

ಅದ ವಾರ ನಮ್ಮ ಆಫೀಸಿನ ಎಚ್‌ಆರ್ ಹುಡುಗಿ ಒಂದು ಕಾರ್ಯಕ್ರಮ ಇಟ್ಟಳು. ನೌಕರರು ದಣಿಯದಂಗ ನೋಡ್ಕೊಳ್ಳೂದು ಹೆಂಗ ಅಂತ. ಕೆಲಸಕ್ಕ ತೊಂದ್ರಿ ಆಗಬಾರದಲ್ಲಾ, ಅದಕ್ಕ ರವಿವಾರ ಇಟ್ಟಿದ್ರು. ಮುಂಜಾನೆ ಎಂಟಕ್ಕ. ಬರದಿದ್ದವ್ರು ಸೋಮವಾರ ಸಾಹೇಬ್ರಿಗೆ ಕಾರಣ ಹೇಳಬೇಕು.

ರವಿವಾರ ಅಂದ್ರ ರೈಲ್ವೆಯವ್ರ ಮೆಗಾ ಬ್ಲಾಕ್. ಹಳಿ ರಿಪೇರಿ ಅಂತ ಅರ್ಧಾ ಗಾಡಿ ಬಂದ್. ಇದ್ದ ಗಾಡಿಗೆ ಜೋತಾಡಿಕೋತ ಹೆಂಗೋ ಮುಟ್ಟಿದ್ವಿ. ತರಬೇತಿಯವ್ರು ಮಂದ ದೀಪ ಹಚ್ಚಿ, ಕೊಳಲಿನ ಸಂಗೀತ ಇಟ್ಟು, "ಕಣ್ಣು ಮುಚ್ಚಿ, ಉಸಿರು ಗಮನಿಸ್ರಿ," ಅಂದ್ರು. ಐದು ನಿಮಿಷದಾಗ ಇಡೀ ಆಫೀಸು ಗೊರಕಿ ಹೊಡೀತು. ಎಬ್ಬಸಾಕ ಎಚ್‌ಆರ್ ಹುಡುಗಿ ಪಾಪ ಮೈಕ್ ಹಿಡಕೊಂಡು ಸಾಲಿಂದ ಸಾಲಿಗೆ ಓಡಾಡಿದ್ಲು. ಆಕಿ ಕಣ್ಣ ಸುತ್ತ ಕಾಡಿಗಿ ಬಳದಂಗ ಕಪ್ಪಾಗಿತ್ತು.

ಎಲ್ಲಾರೂ ಎದ್ದ ಮ್ಯಾಲೆ ತರಬೇತಿಯವ್ರು ಕೇಳಿದ್ರು, "ನಿಮ್ಮ ದಣಿವಿಗೆ ಮುಖ್ಯ ಕಾರಣ ಏನು? ಮನಸು ಬಿಚ್ಚಿ ಹೇಳ್ರಿ."

ಕುರ್ಲಾದಿಂದ ಬರೂ ನಮ್ಮ ಗೋದಾಮಿನಾಂವ ಕೈ ಎತ್ತಿದ. "ಸರ್, ಇವತ್ತು ರವಿವಾರ ಐತ್ರಿ."

ರಜಾ ಕೇಳೂದು

ನಮ್ಮ ಸಾಹೇಬ್ರು ಬೆಳಗಾವಿ ಕಡೆಯವ್ರು, ಇರೂದು ಜೋಗೇಶ್ವರಿಯೊಳಗ. ಮನಸು ಶಾಂತ ಇದ್ರ ಕನ್ನಡ, ಸಿಟ್ಟು ಬಂದ್ರ ಮರಾಠಿ. ಅವ್ರು ಕನ್ನಡ ಮಾತಾಡಿದ್ದನ್ನ ಆಫೀಸಿನ್ಯಾಗ ಹೆಚ್ಚು ಮಂದಿ ಕೇಳೇ ಇಲ್ಲ.

ಎಂಟು ದಿವಸ ರಜಾ ಅಂದ ಕೂಡ್ಲೆ, "ಕಾಯ್?" ಅಂತ ಮರಾಠಿಲೆ ಕೇಳಿ ಕುರ್ಚಿ ಬಿಟ್ಟು ಎದ್ದರು. ಡಾಕ್ಟರ್ ಹೇಳಿದ್ದೆಲ್ಲಾ ಒದರಿದೆ. ಬಿಪಿ ಅಂದಾಗ ಮಾತ್ರ ಯಾಕೋ ತಮ್ಮ ಬ್ಯಾಗಿನ ಕಡೆ ನೋಡಿದ್ರು. ಆಮ್ಯಾಲ ಮರಾಠಿಯೊಳಗ ಅಪ್ಪಣಿ ಆತು: ರಜಾ ತಗೋ, ಆದ್ರ ಫೋನ್ ಚಾಲೂ ಇರಬೇಕು.

ಅಷ್ಟು ಅಂದು ಬ್ಯಾಗ್ ತಗೊಂಡು ಹೊರಗ ಬಿದ್ರು. ದಿನಾ ಮಧ್ಯಾಹ್ನ ಅವ್ರಿಗೆ ಕ್ಲೈಂಟ್ ವಿಜಿಟ್ ಇರ್ತೈತಿ. ಬಿಸಲಿರ್ಲಿ, ಮಳಿ ಇರ್ಲಿ, ತಪ್ಪಸೂದಿಲ್ಲ. ಬರೂವಾಗ ಮಾರಿ ನೋಡಬೇಕು, ಆಗಷ್ಟ ಜಳಕಾ ಮಾಡಿದಂಗ ಕಳೆಕಳೆ! ಇಂಥಾ ವಯಸ್ಸಿನ್ಯಾಗ ಇವ್ರು ಹಿಂಗ ದುಡೀತಾರ, ನಾನು ನೋಡಿದ್ರ ರಜಾ ಕೇಳ್ತೀನಲ್ಲಾ ಅಂತ ನಾಚಿಕಿ ಬಂತು. ಲಿಫ್ಟಿನ್ಯಾಗ ಅವ್ರ ಬ್ಯಾಗ್ ನಾನ ಹೊತ್ತು ಕೆಳಗ ತಂದು ಕೊಟ್ಟೆ.

ಮನಿಯೊಳಗ ಆರಾಮ

ಮೊದಲನೇ ದಿವಸ ಹಾಲ್‌ನ್ಯಾಗ ಸೋಫಾದ ಮ್ಯಾಲೆ ಅಡ್ಡಾದೆ. ಮಗಳು ಮನಿಯಿಂದನ ಕೆಲಸಾ ಮಾಡ್ತಾಳ, ಅಲ್ಲೇ ಲ್ಯಾಪ್‌ಟಾಪ್‌ನ್ಯಾಗ ಆಕಿ ಮೀಟಿಂಗ್ ನಡದಿತ್ತು. ಆಕಿಗೆ ಕನ್ನಡ ತಿಳೀತೈತಿ, ಬಾಯಿಗೆ ಬರೂದು ತುಣುಕು ತುಣುಕು, ಉಳದದ್ದು ಹಿಂದಿ.

"ಪಪ್ಪಾ, ನೀವು ಕ್ಯಾಮೆರಾ ಮೇ ದಿಖ್ ರಹೇ ಹೋ. ಸ್ವಲ್ಪ ಕೆಳಗೆ... ಕೆಳಗೆ ಮಲಗಿ ನಾ."

ನೆಲದ ಮ್ಯಾಲೆ ಮಲಗಿದೆ. ಕಣ್ಣು ಹತ್ತಿತ್ತೋ ಇಲ್ಲೋ, ಅಲುಗಾಡಿಸಿ ಎಬ್ಬಿಸಿದ್ಲು. "ಪಪ್ಪಾ, ಗೊರಕೆ! ಬಾಸ್ ಪೂಛ್ ರಹಾ ಹೈ, ಬಿಲ್ಡಿಂಗ್‌ನಲ್ಲಿ ಡ್ರಿಲ್ಲಿಂಗ್ ನಡೀತಿದೆ ಕ್ಯಾ?"

ಒಳಗಿನ ಖೋಲಿಗೆ ಹೋದ್ರ ನಮ್ಮಾಕಿ ಅಟ್ಟದ ಮ್ಯಾಲಿನ ಪಾತ್ರಿ ಎಲ್ಲಾ ಹಾಸಿಗಿ ಮ್ಯಾಲೆ ಹರವಿದ್ಲು. "ನೀವು ಹೆಂಗೂ ಮನ್ಯಾಗ ಇದ್ದೀರಿ, ಒರಸಿ ಕೊಡ್ರಿ," ಅಂದ್ಲು. ಮರುದಿವಸ ಬಿಲ್ಡಿಂಗಿನ ಸೆಕ್ರೆಟರಿ ಬಂದ್ರು. "ಖಾಲಿ ಅದೀರಂತಲ್ಲಾ, ನೀರಿನ ಟಾಕಿ ತೊಳಿಯೋರ ಮ್ಯಾಲೆ ನಿಗಾ ಇಡ್ರಿ."

ಸಂಜಿ ಮುಂದ ಬಾಜೂ ಮನಿಯವ್ರ ಮಷಿನ್ ತಂದು ಬಿಪಿ ನೋಡ್ಕೊಂಡೆ. ಇಳಿಯೂದಂತೂ ದೂರ, ಏರಿತ್ತು! ಅಪ್ಪನ ಸೊಟ್ಟ ಬಾಯಿ ಕಣ್ಣ ಮುಂದ ಬಂತು.

ಮೂರನೇ ದಿವಸ ಮುಂಜಾನೆ ಇಸ್ತ್ರಿ ಅಂಗಿ ಹಾಕ್ಕೊಂಡು, ಊಟದ ಡಬ್ಬಿ ತಗೊಂಡು ಹೊಂಟೆ. "ರಜಾ ಇಟ್ಕೊಂಡು ಎಲ್ಲಿಗಿ?" ಅಂತ ನಮ್ಮಾಕಿ ಕೇಳಿದ್ಲು.

"ಮಲಗಾಕ," ಅಂದೆ.

ಕಿಟಕಿ ಸೀಟು

ಮುಂಬೈಯಾಗ ನಂಗ ನಿದ್ದಿ ಅಂತ ಬಂದ್ರ ಅದು ಲೋಕಲ್‌ನ್ಯಾಗ. ಪಾಸ್ ಇತ್ತು, ಹತ್ತಿದೆ. ಚರ್ಚ್‌ಗೇಟ್‌ನ್ಯಾಗ ಎಲ್ಲಾರೂ ಇಳದ್ರು, ನಾನು ಇಳೀಲಿಲ್ಲ. ಅದ ಗಾಡಿ ಖಾಲಿ ಆಗಿ ತಿರುಗಿ ಹೊಂಟ್ತು. ಕಿಟಕಿ ಸೀಟು, ತಂಪು ಗಾಳಿ, ಕೇಳವ್ರಿಲ್ಲ, ಹೇಳವ್ರಿಲ್ಲ. ಆಹಾ! ಬೊರಿವಲಿ ಬಂದಾಗ ಎಚ್ಚರಾತು. ಇನ್ನೊಂದು ಗಾಡಿ ಹಿಡದು ಮತ್ತ ಚರ್ಚ್‌ಗೇಟ್. ನಡುವ ಡಬ್ಬಿ ಬಿಚ್ಚಿ ಉಂಡೆ. ಹಿಂಗ ಎರಡು ದಿವಸ ನಡೀತು.

ಮುಂದಿನ ದಿವಸ ಮಧ್ಯಾಹ್ನ ಚರ್ಚ್‌ಗೇಟ್‌ನ್ಯಾಗ ಗಾಡಿ ನಿಂತಿತ್ತು. ಒಬ್ಬರು ಹತ್ತಿ ನನ್ನ ಎದುರಿನ ಕಿಟಕಿ ಸೀಟಿನ್ಯಾಗ ಕೂತ್ರು. ಯಾರನ್ನೂ ನೋಡ್ಲಿಲ್ಲ. ಬೂಟು ಕಳದ್ರು, ಬ್ಯಾಗ್ ತಲಿಗೆ ಕೊಟ್ಕೊಂಡ್ರು, ಗಾಡಿ ಬಿಡೂದ್ರೊಳಗ ಬಾಯಿ ತಗದು ನಿದ್ದಿ ಹೋದ್ರು. ನೋಡ್ತೀನಿ, ನಮ್ಮ ಸಾಹೇಬ್ರು!

ಲಗೂನ ಬಾಜೂಕ ಬಿದ್ದಿದ್ದ ಪೇಪರ್ ಮಾರಿಗೆ ಅಡ್ಡ ಹಿಡದೆ. ಅಷ್ಟೊತ್ತಿಗೆ ನನ್ನ ಕಿಸೆದಾಗಿನ ಫೋನ್ ಒದರ್ತು. ಚಾಲೂ ಇಡು ಅಂದಿದ್ದು ಅವ್ರ ಅಲ್ಲೇನು! ಆ ಕಡಿಂದ ಎಚ್‌ಆರ್ ಹುಡುಗಿ ದೊಡ್ಡ ದನಿಯಾಗ, "ಸರ್, ನಿಮಗೇನರ ಗೊತ್ತೈತೇನು? ನಮ್ಮ ಸಾಹೇಬ್ರು ಎಲ್ಲಿ ಅದಾರ?"

ಸಾಹೇಬ್ರು ಕಣ್ಣು ಬಿಟ್ಟರು. ನನ್ನ ನೋಡಿದ್ರು. ನಾನು ಅವ್ರ ಕಣ್ಣಾಗ ಕಣ್ಣಿಟ್ಟು ಫೋನ್‌ನ್ಯಾಗ ಅಂದೆ, "ಕ್ಲೈಂಟ್ ವಿಜಿಟ್‌ನ್ಯಾಗ ಇರಬೇಕವಾ."

ಫೋನ್ ಇಟ್ಟೆ. ದಾದರ್ ದಾಟಿದ ಮ್ಯಾಲೆ ಸಾಹೇಬ್ರು ಬ್ಯಾಗಿಗೆ ಕೈ ಹಾಕಿ ಗುಳಿಗಿ ಪಾಕೀಟು ತಗದು ತೋರಿಸಿದ್ರು. "ನಂಗೂ ಬಿಪಿ ಐತ್ರಿ," ಅಂದ್ರು. ಕನ್ನಡದಾಗ! "ಮನ್ಯಾಗ ನಿದ್ದಿಲ್ಲ, ಆಫೀಸಿನ್ಯಾಗ ನಿದ್ದಿಲ್ಲ. ಈ ಒಂದು ತಾಸು ಇರಲಿಲ್ಲಂದ್ರ ನಾನು ಎಂದೋ ಹೋಗಿರ್ತಿದ್ದೆ."

ಇಷ್ಟು ದಿವಸ ಈ ಮನುಷ್ಯಾಗ ಅಂಜಿದ್ನಲ್ಲಾ ಅನಿಸ್ತು. ಬೊರಿವಲಿ ಬಂದಿದ್ದು ಇಬ್ರಿಗೂ ಗೊತ್ತಾಗಲಿಲ್ಲ.

ಎಂಟು ದಿವಸ ಮುಗಿದ್ವು. ಡಾಕ್ಟರ್ ಪಟ್ಟಿ ಸುತ್ತಿದ್ರು. ಬಿಪಿ ಇಳದಿತ್ತು, ಗುಳಿಗಿ ತಪ್ಪಿತು. ಖುಷಿಗೆ ನಮ್ಮಾಕಿ ಅಲ್ಲೇ ಕಣ್ಣೀರು ಹಾಕಿದ್ಲು.

ಕೆಲಸಕ್ಕ ಹೋದ ದಿವಸ ಮಧ್ಯಾಹ್ನ ಸಾಹೇಬ್ರು ನನ್ನ ಮೇಜಿನ ಹತ್ರ ಬಂದ್ರು. "ಏಳ್ರಿ, ಇನ್ನ ಮುಂದ ವಿಜಿಟ್‌ಗೆ ನೀವೂ ಬರ್ರಿ." ಅವ್ರ ಬಾಯಾಗ ಕನ್ನಡ ಕೇಳಿ ಇಡೀ ಆಫೀಸು ತಲಿ ಎತ್ತಿ ನೋಡ್ತು. ಇಬ್ರೂ ಬಾಗಲಾ ದಾಟಿದ್ವಿ. ಹಿಂದಿಂದ ಎಚ್‌ಆರ್ ಹುಡುಗಿ ಓಡಿ ಬಂದ್ಲು. ಅತ್ತಿತ್ತ ನೋಡಿ ಸಣ್ಣ ದನಿಲೆ ಕೇಳಿದ್ಲು, "ಸರ್, ಆ ಕ್ಲೈಂಟ್ ಯಾರು ಅಂತ ಕೇಳೂದಿಲ್ಲ. ಆದ್ರ ಅಲ್ಲಿಂದ ಬಂದ ಮ್ಯಾಲೆ ನಿಮ್ಮ ಮಾರಿ ನೋಡೀನಿ. ಆ ತರಬೇತಿ ಇಟ್ಟಾಗಿಂದ ನಾನು ನೆಟ್ಟಗ ಮಲಗೇ ಇಲ್ರಿ. ನಂದೂ ಒಂದು ವಿಜಿಟ್ ಮಾಡಸ್ರಿ."

ಸಾಹೇಬ್ರು ನನ್ನ ಮಾರಿ ನೋಡಿದ್ರು, ಆಕಿ ಕಣ್ಣ ಸುತ್ತಿನ ಕಪ್ಪು ನೋಡಿದ್ರು.

"ಬಾರವಾ," ಅಂದ್ರು. "ಆದ್ರ ನಿನ್ನ ಕ್ಲೈಂಟು ಬಾಜೂ ಲೇಡೀಜ್ ಡಬ್ಬಿಯೊಳಗ ಇರ್ತಾಳ."