ಎರಡನೇ ಬೇಡಿಕೆ

ಮುಳಬಾಗಿಲಿನ ಆ ಸರ್ಕಾರಿ ಆಫೀಸಿನಲ್ಲಿ ಜುಲೈ ಇನ್‌ಕ್ರಿಮೆಂಟ್ ಎಲ್ಲರಿಗೂ ಬಂದಿತ್ತು, ಗುಮಾಸ್ತೆ ಸುನಂದಳೊಬ್ಬಳನ್ನು ಬಿಟ್ಟು. ಆಗಸ್ಟಿನ ಪೇ ಸ್ಲಿಪ್ಪೂ ಹಾಗೇ ಬಂದಾಗ, ಮದುವೆಯ ಪಂಕ್ತಿಯಲ್ಲಿ ತನ್ನ ಎಲೆಯೊಂದನ್ನೇ ದಾಟಿ ಹೋಳಿಗೆ ಮುಂದೆ ಹೋದಂತಾಯಿತು ಅವಳಿಗೆ.

ಅವಳಾದರೆ ನುಂಗಿಕೊಳ್ಳುತ್ತಿದ್ದಳು. ಅಟೆಂಡರ್ ಭಾರತಮ್ಮ ಬಿಡಲಿಲ್ಲ.

"ನುಂಗಿ ನುಂಗಿ ಹೊಟ್ಟೆ ಕೆಡುತ್ತೆ ಸುನಂದಮ್ಮ. ಸಂಘಕ್ಕೆ ಹೇಳಿ!" ಎಂದವಳೇ ಫೋನ್ ಮಾಡಿ, ಕೋಲಾರದ ಬಸ್ಸು ಹತ್ತಿದ್ದ ನೌಕರರ ಸಂಘದ ಕಾರ್ಯದರ್ಶಿ ಉಮಾಶಂಕರ್‌ನನ್ನು ಇಳಿಸಿ ಕರೆಸಿಬಿಟ್ಟಳು.

ಅವನು ಬಂದವನೇ ಮೇಜು ಗುದ್ದಿದ. "ಇದು ಇಡೀ ತಾಲ್ಲೂಕಿನ ನೌಕರರ ಮಾನದ ಪ್ರಶ್ನೆ ಮೇಡಂ! ಮನವಿ ಬರೀರಿ."

"ನಾನಾ?"

"ನಿಮ್ಮ ಕಷ್ಟ ನಿಮಗೇ ತಾನೇ ಗೊತ್ತಿರೋದು?"

ಸುನಂದ ಎಂದಿನಂತೆ ಮೇಜಿನಡಿಯ ಫೈಲಿನ ಕಟ್ಟಿನ ಮೇಲೆ ಕಾಲಿಟ್ಟು ಕೂತಳು. ಜೂನ್ ಕೊನೆಗೆ ನಿವೃತ್ತನಾದ ಗುಮಾಸ್ತ ಮುನೇಶ್, ಮೈಸೂರುಪಾಕು ಹಂಚುತ್ತಾ ಅವಳಿಗೆ ವಹಿಸಿಹೋದ ಕಟ್ಟು ಅದು. ಅವಳ ಕಾಲಿಗೆ ಹೇಳಿ ಮಾಡಿಸಿದಷ್ಟು ಎತ್ತರ.

ಮೊದಲನೇ ಬೇಡಿಕೆ: ಇನ್‌ಕ್ರಿಮೆಂಟ್ ಮಂಜೂರು ಮಾಡಬೇಕು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಹದಿನೆಂಟು ವರ್ಷ ಅತ್ತೆಗೆ, ಗಂಡನಿಗೆ, ಸಾಹೇಬರಿಗೆ ಹೇಳದೆ ಉಳಿಸಿಕೊಂಡ ಮಾತೆಲ್ಲ ಪೆನ್ನಿಗಿಳಿಯಿತು. ಎರಡನೇ ಬೇಡಿಕೆ: "ನನ್ನ ಫೈಲನ್ನು ಎರಡು ತಿಂಗಳು ಕಸದಂತೆ ಬಿಸಾಡಿಟ್ಟುಕೊಂಡ ಬೇಜವಾಬ್ದಾರಿ ನೌಕರರು ಯಾರೇ ಆಗಿರಲಿ, ಅವರದೂ ಒಂದು ಇನ್‌ಕ್ರಿಮೆಂಟ್ ತಡೆಹಿಡಿಯಬೇಕು."

"ಅಯ್ಯೋ ದೇವುಡಾ! ಇಷ್ಟು ಖಾರ ಎಲ್ಲಿಟ್ಟಿದ್ರಿ?" ಎಂದಳು ಭಾರತಮ್ಮ.

ಮಧ್ಯಾಹ್ನ ಎಲ್ಲರೂ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಸಾಹೇಬರ ಕೋಣೆಗೆ ನುಗ್ಗಿದರು. "ಧಿಕ್ಕಾರ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವಳು ಸುನಂದ. ಆ ದನಿ ತನ್ನದೇ ಎಂದು ತಿಳಿದು ಅವಳಿಗೆ ಒಳಗೊಳಗೇ ಹಿಗ್ಗು.

ಸಾಹೇಬರು ಮನವಿಯನ್ನು ಎರಡು ಸಲ ಓದಿದರು. "ಎರಡೂ ಒಪ್ಪಬೇಕಾ?"

"ಒಂದಕ್ಷರ ಬಿಡೋ ಹಾಗಿಲ್ಲ!" ಎಂದ ಉಮಾಶಂಕರ್.

"ನೀವೇನಂತೀರಿ, ಸುನಂದ ಅವರೇ?"

"ಮೊದಲು ಎರಡನೇದು ಮಾಡಿ ಸಾರ್."

ಸಾಹೇಬರು ಡ್ರಾಯರಿನಿಂದ ಮುನೇಶ ಹೋಗುವಾಗ ಚಾರ್ಜ್ ವಹಿಸಿಕೊಟ್ಟ ಪಟ್ಟಿ ತೆಗೆದು ಓದಿದರು: "ಇನ್‌ಕ್ರಿಮೆಂಟ್ ಬಾಕಿ ಇರುವ ಫೈಲು, ಒಂದು ಕಟ್ಟು. ಎಲ್ಲರದೂ ಮುಗಿಸಿ ನಿಮ್ಮದೊಂದನ್ನ ಉಳಿಸಿ ಹೋಗಿದ್ದಾನೆ. ಇಸ್ಕೊಂಡೋರ ಸಹಿ ಇಲ್ಲಿದೆ, ನೋಡಿ."

ಸುನಂದ ನೋಡಿದಳು. ಸಹಿ ತನ್ನದೇ. ಪಕ್ಕದಲ್ಲಿ ಮೈಸೂರುಪಾಕಿನ ತುಪ್ಪದ ಹೆಬ್ಬೆರಳ ಗುರುತು.

ಸಾಹೇಬರು ಎರಡೂ ಬೇಡಿಕೆಗೆ ಸಹಿ ಹಾಕಿದರು. ಒಂದು ಇನ್‌ಕ್ರಿಮೆಂಟ್ ಬಂತು, ಒಂದು ಹೋಯಿತು.

ಹೊರಗೆ ಬಂದು ಉಮಾಶಂಕರ್ ಮತ್ತೆ ಮೇಜು ಗುದ್ದಿದ. "ಘೋರ ಅನ್ಯಾಯ ಮೇಡಂ! ಮನವಿ ಬರೀರಿ."

ಭಾರತಮ್ಮ ಬಿಳಿ ಹಾಳೆ ತಂದಿಟ್ಟು ಮೆಲ್ಲಗೆ ಹೇಳಿದಳು: "ಈ ಸಲ ಖಾರ ಸ್ವಲ್ಪ ಕಮ್ಮಿ ಹಾಕಿ, ಸುನಂದಮ್ಮ."