ಮೂರು ಪದರದೊಳಗೆ ಬೇಗೂರಿನ ಕೆಮ್ಮು

ಕೊರಿಯರ್ ಕಚೇರಿಯಲ್ಲಿ ಕೂತವನು ತಮಾಷೆ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ತಾನಾಗಿಯೇ ಬಂದು, ತೂಕ ಹಾಕಿಸಿಕೊಂಡು, ರಸೀದಿ ಕೇಳುತ್ತದೆ.

ಗುಂಡ್ಲುಪೇಟೆಯ ನಮ್ಮ ಶಾಖೆಯಲ್ಲಿ ಇರುವುದು ಇಬ್ಬರು. ಮೇಜಿನ ಹಿಂದೆ ನಾನು, ಬೈಕಿನ ಮೇಲೆ ಉಡಿಗಾಲದ ನಮ್ಮ ಸವಾರರು. ಅವರಿಗೆ ಐವತ್ತು ದಾಟಿದೆ, ಮೊಮ್ಮಕ್ಕಳಿದ್ದಾರೆ, ಬೈಕಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಸೀರೆ, ಬ್ಯಾಂಕಿನ ಕಾಗದ, ತರಕಾರಿ ಬೀಜ ಎಲ್ಲವನ್ನೂ ಸಾಗಿಸಿದ ಮೇಲೆ ನಮ್ಮ ಪಾಲಿಗೆ ಕಫವೂ ಬಂತು. ಊರಿನ ಒಂದು ಕ್ಲಿನಿಕ್ಕಿನಲ್ಲಿ ಕೊಟ್ಟ ಕಫವನ್ನು ಚಾಮರಾಜನಗರದ ಒಂದು ಪ್ರಯೋಗಾಲಯಕ್ಕೆ ಮಧ್ಯಾಹ್ನದೊಳಗೆ ತಲುಪಿಸಬೇಕು. ಅಲ್ಲಿ ಅದರಲ್ಲಿ ಕ್ಷಯದ ಕ್ರಿಮಿ ಇದೆಯೇ ಎಂದು ನೋಡುತ್ತಾರೆ.

ತರಬೇತಿ

ಇದಕ್ಕೆ ನಿಯಮಗಳಿವೆ ಎಂದು ನಮಗೆ ತಿಳಿಸಲು ಮೈಸೂರಿನಿಂದ ಒಬ್ಬರು ಬಂದರು. ಕಫದ ಕೊಳವೆಗೆ ಬಿಗಿಯಾದ ಮುಚ್ಚಳ, ಸುತ್ತ ಹತ್ತಿ. ಅದು ಮೊದಲ ಪದರ. ಸೋರದ ಪ್ಲಾಸ್ಟಿಕ್ ಡಬ್ಬಿ ಎರಡನೆಯದು. ಮಂಜುಗಡ್ಡೆಯ ಪೊಟ್ಟಣಗಳಿರುವ ಥರ್ಮಾಕೋಲ್ ಪೆಟ್ಟಿಗೆ ಮೂರನೆಯದು. ಹೊರಗಡೆ ಸೋಂಕಿನ ಗುರುತು, ಮೇಲ್ಮುಖ ಬಾಣ. ರೋಗಿಯ ವಿವರದ ಚೀಟಿ ಡಬ್ಬಿಯೊಳಗೆ ಹೋಗಕೂಡದು, ಅದಕ್ಕೆ ಪ್ರತ್ಯೇಕ ಕವರು. ಆಹಾರದ ಜೊತೆ ಇಡಕೂಡದು. ಬಿಸಿಲಿಗೆ ಇಡಕೂಡದು. ಮಲಗಿಸಕೂಡದು. ಜನ ಓಡಾಡುವ ಬಸ್ಸಿನಲ್ಲಿ ಒಯ್ಯಕೂಡದು. ಯಾರಾದರೂ ಕೇಳಿದರೆ ಸುಳ್ಳು ಹೇಳಕೂಡದು, ಗಾಬರಿಯನ್ನೂ ಮಾಡಕೂಡದು.

ಒಂದೂವರೆ ಗಂಟೆ ಹೇಳಿ, ನೀರು ಕುಡಿದು, "ಅರ್ಥವಾಯಿತೆ?" ಎಂದರು.

"ಆಯ್ತು ಸಾ," ಎಂದರು ನಮ್ಮ ಸವಾರರು. "ನಮ್ಮನೆ ಅಳೀಮಯ್ಯನ್ನೂ ಇಂಗೇ ನೋಡ್ಕತೀವಿ. ಅಲ್ಲಾಡಿಸಂಗಿಲ್ಲ, ಬಿಸ್ಲಲ್ಲಿ ನಿಲ್ಲಿಸಂಗಿಲ್ಲ, ತಲೆ ಯಾವಾಗ್ಲೂ ಮ್ಯಾಕೇ ಇರ್ಬೇಕು."

ಹಾಲು

ಬೇಗೂರಿನ ಅಕ್ಕ ನಮಗೆ ಪರಿಚಯವಾದದ್ದು ಹೀಗೆ ಕಫ ಸಾಗಿಸುವಾಗಲೇ. ಆಕೆ ಅಲ್ಲಿನ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ಮೂರು ವಾರದಿಂದ ಕೆಮ್ಮು. ಕ್ಷಯವಲ್ಲ ಎಂಬ ವರದಿ ಬರುವ ತನಕ ಅಡುಗೆಮನೆಗೆ ಬರಬೇಡಿ ಎಂದು ಮುಖ್ಯೋಪಾಧ್ಯಾಯರು ಹೇಳಿದ್ದರು. ಆಕೆಯ ಜಾಗದಲ್ಲಿ ಇನ್ನೊಬ್ಬರು ಅಡುಗೆ ಮಾಡುತ್ತಿದ್ದರು.

"ಕೆಮ್ಮು ಓಯ್ತದೆ ಬುಡಣ್ಣ," ಎಂದರು ಅಕ್ಕ, ನನ್ನ ಮೇಜಿನ ಮುಂದೆ ನಿಂತು. "ಸೌಟು ಓದ್ರೆ ಬರಕಿಲ್ಲ. ಬೇಗ ತಲುಪ್ಸಿ."

ಭರವಸೆ ಕೊಟ್ಟೆ. ನಮ್ಮ ಕಚೇರಿಯಲ್ಲಿ ಫ್ರಿಜ್ ಇಲ್ಲ. ಮಂಜಿನ ಪೊಟ್ಟಣಗಳನ್ನು ಪಕ್ಕದ ಜ್ಯೂಸ್ ಅಂಗಡಿಯ ಫ್ರೀಜರಿನಲ್ಲಿ ಇಡುತ್ತಿದ್ದೆವು. ಅಂಗಡಿಯವರು ಕೇರಳದ ಕಡೆಯವರು, ಯಾರ ಕಷ್ಟವನ್ನೂ ನೋಡಲಾರದವರು. ಹಿಂದಿನ ದಿನ ಬಂಡೀಪುರ ನೋಡಲು ಬಂದ ಮಗುವೊಂದು ಅಂಗಡಿ ಮುಂದೆ ಬಿದ್ದು ಮಂಡಿ ಊದಿಸಿಕೊಂಡಿತ್ತು. ನಮ್ಮ ಪೊಟ್ಟಣಗಳನ್ನು ಆ ಮಂಡಿಗೆ ಕೊಟ್ಟುಬಿಟ್ಟಿದ್ದರು. ಅವು ಅಷ್ಟು ಹೊತ್ತಿಗೆ ವಯನಾಡು ಸೇರಿದ್ದವು.

ನಮಗೆ ತೊಂದರೆಯಾಗಬಾರದೆಂದು ಅವರು ಬೆಳಿಗ್ಗೆ ತಾವೇ ನಮ್ಮ ಪೆಟ್ಟಿಗೆಯೊಳಗೆ ಬೇರೆ ಮಂಜು ತುಂಬಿಸಿ, ಮುಚ್ಚಿ ಕೊಟ್ಟರು. ನಾನು ಪೆಟ್ಟಿಗೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಡಬ್ಬಿ ಇಳಿಸುವ ಗಡಿಬಿಡಿಯಲ್ಲಿ ಒಳಗಿದ್ದದ್ದನ್ನು ಓದಿ ನೋಡಲಿಲ್ಲ.

ಪ್ರಯೋಗಾಲಯದಲ್ಲಿ ಮಾದರಿಗಳನ್ನು ತೆಗೆದುಕೊಳ್ಳುವುದು ಒಂದು ಸಣ್ಣ ಕಿಟಕಿಯಲ್ಲಿ. ಕಿಟಕಿಯ ಹಿಂದೆ ಕೂರುವವರು ನಕ್ಕಿದ್ದನ್ನು ಯಾರೂ ಕಂಡಿಲ್ಲ. ಅವರ ಬಳಿ ಒಂದು ಮೊಹರಿದೆ. ಸಂಜೆ ಚೀಟಿ ವಾಪಸ್ ಬಂತು: "ತಿರಸ್ಕೃತ. ಕಾರಣ: ಮಾದರಿಯ ಜೊತೆ ಅರ್ಧ ಲೀಟರಿನ ಹಾಲಿನ ಪೊಟ್ಟಣ ನಾಲ್ಕು."

ಜ್ಯೂಸ್ ಅಂಗಡಿಯವರ ಬಳಿ ಹೋಗಿ, ಅದು ಆಹಾರ, ಜೊತೆಗಿಡುವಂತಿಲ್ಲ, ಒಬ್ಬ ಹೆಂಗಸಿನ ಕೆಲಸದ ಪ್ರಶ್ನೆ ಎಂದೆಲ್ಲ ವಿವರಿಸಿದೆ. ನಿಜವಾಗಿಯೂ ನೊಂದುಕೊಂಡು ಕೇಳಿಸಿಕೊಂಡರು. ಕೊನೆಗೆ ಮೆಲ್ಲಗೆ ಕೇಳಿದರು:

"ಹಾಲು ವಾಪಸ್ ಬರ್ತದಾ ಸಾರ್?"

ಪ್ರಮಾಣ

ಅಕ್ಕ ಮತ್ತೆ ಬಸ್ಸು ಹತ್ತಿ ಬಂದರು, ಕ್ಲಿನಿಕ್ಕಿನಲ್ಲಿ ಮತ್ತೆ ಮಾದರಿ ಕೊಟ್ಟರು. ಈ ಸಲ ಪೊಟ್ಟಣ ಹೊಸದಾಗಿ ತರಿಸಿದ ನಮ್ಮದೇ, ಪೆಟ್ಟಿಗೆ ನೆಟ್ಟಗೆ, ಬಾಣ ಆಕಾಶಕ್ಕೆ. ಸಂಜೆ ಚೀಟಿ ಬಂತು. "ತಿರಸ್ಕೃತ. ಕಾರಣ: ಪ್ರಮಾಣ ಸಾಲದು. ಮತ್ತೊಮ್ಮೆ ಮಾದರಿ ಕಳುಹಿಸಿ."

ಮರುದಿನ ಅಕ್ಕನನ್ನು ಕೇಳಿದೆ. ಬೆಳಿಗ್ಗೆ ಎದ್ದು, ಎದೆಯಾಳದಿಂದ ಕೆಮ್ಮಿ, ದಪ್ಪ ಕಫ ಕೊಡಬೇಕು ಎಂದು ಕ್ಲಿನಿಕ್ಕಿನ ನರ್ಸ್ ಎರಡು ಸಲ ಹೇಳಿದ್ದರಂತೆ. ಅಕ್ಕ ಕೇಳಿಸಿಕೊಂಡಿದ್ದರಂತೆ. ಆಮೇಲೆ ಹಲ್ಲುಜ್ಜಿ, ಮೂರು ಸಲ ಬಾಯಿ ಮುಕ್ಕಳಿಸಿ, ನೋಡಲು ಅಂದವಾಗಿದ್ದ ನಾಲ್ಕು ಹನಿ ಉಗುಳು ಮಾತ್ರ ಕೊಟ್ಟಿದ್ದರು.

"ಯಾಕಕ್ಕ?"

"ಅಷ್ಟು ದೂರದಲ್ಲಿ ಯಾರೋ ಓದ್ದೋರು ತೆಗೆದು ನೋಡ್ತಾರೆ. ಗಲೀಜು ಕಳಿಸಕಾದದಾ?" ಎಂದರು. "ನನ್ ಕೈಯಿಂದ ಇನ್ನೂರು ಮಕ್ಳಿಗೆ ಬಡ್ಸಿವ್ನಿ. ಒಂದು ದಿನವೂ ಗಲೀಜು ಅಂತ ಯಾರೂ ಅಂದಿಲ್ಲ ಕಣಣ್ಣ."

ಅಡುಗೆಯವರ ಸ್ವಾಭಿಮಾನಕ್ಕೆ ನಿಯಮದಲ್ಲಿ ಕಲಮಿಲ್ಲ. ನಮ್ಮ ಸವಾರರೇ ಸಮಾಧಾನ ಹೇಳಿದರು: "ಗಲೀಜೇ ಬೇಕಂತೆ ಕಣವ್ವ ಅವರ್ಗೆ. ಕೊಟ್ಬುಡು. ಸಂಬಳ ತಕ್ಕಳದು ಅದಕ್ಕೇ."

ಹಿಂದಿನ ಸೀಟು

ಮೂರನೆಯ ಮಾದರಿ ಗಾತ್ರದಲ್ಲೂ ಗುಣದಲ್ಲೂ ಉತ್ತಮವಾಗಿತ್ತು ಎಂದು ನರ್ಸ್ ಹೆಮ್ಮೆಯಿಂದ ಹೇಳಿದರು. ಇದೂ ಕೆಟ್ಟರೆ ಸೌಟು ಕಾಯಂ ಆಗಿ ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ಮುಖ್ಯೋಪಾಧ್ಯಾಯರು ಸೋಮವಾರದ ತನಕ ಮಾತ್ರ ಕಾಯುತ್ತೇನೆ ಎಂದಿದ್ದರು.

ತೆರಕಣಾಂಬಿ ದಾಟುತ್ತಿದ್ದಂತೆ ಬೈಕಿನ ಟೈರು ಪಂಕ್ಚರ್ ಆಯಿತು. ಮಂಜು ಕರಗುತ್ತಿದೆ, ಬಿಸಿಲು ಏರುತ್ತಿದೆ. ಸವಾರರು ನನಗೆ ಫೋನ್ ಮಾಡಿದ್ದರೆ ಬಸ್ಸು ಹತ್ತಕೂಡದು ಎಂದು ಹೇಳುತ್ತಿದ್ದೆ. ಅದು ಗೊತ್ತಿದ್ದೇ ಅವರು ಫೋನ್ ಮಾಡಲಿಲ್ಲ. ಬಂದ ಖಾಸಗಿ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿದರು. ಬಸ್ಸು ತುಂಬಿತ್ತು. ಹಿಂದಿನ ಸೀಟಿನ ಮೂಲೆಯಲ್ಲಿ ಜಾಗ ಮಾಡಿಕೊಟ್ಟ ಅಜ್ಜಿಯೊಬ್ಬರು ವಿಶ್ವಾಸದಿಂದ ಕೇಳಿದರು, "ಏನಪ್ಪಾ ಪೆಟ್ಗೇಲಿ?"

ಸುಳ್ಳು ಹೇಳಕೂಡದು.

"ಬ್ಯಾರೆಯವರ ಕೆಮ್ಮು ಕಣವ್ವ."

ಮುಂದಿನ ನಿಲ್ದಾಣ ಬರುವ ಮೊದಲೇ ಹಿಂದಿನ ಸೀಟು ಪೂರ್ತಿ ಖಾಲಿಯಾಯಿತು. ಅದರ ಮುಂದಿನದೂ ಆಯಿತು. ಮುಂಬಾಗಿಲ ಬಳಿ ಜನ ಒಬ್ಬರ ಮೇಲೊಬ್ಬರು ನಿಂತರು. ಕಂಡಕ್ಟರು ಹಿಂದಕ್ಕೆ ಬಾರದೆ, ಟಿಕೆಟ್ಟನ್ನು ನಾಲ್ಕು ಜನರ ಕೈ ದಾಟಿಸಿ ಕಳಿಸಿದರು. ನಮ್ಮ ಸವಾರರು ಆರು ಜನರ ಸೀಟಿನ ನಡುವೆ, ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು, ಅಳಿಯನನ್ನು ಕರೆತರುವ ಮಾವನಂತೆ ಚಾಮರಾಜನಗರ ಪ್ರವೇಶಿಸಿದರು.

ಕಿಟಕಿಯವರು ಪೆಟ್ಟಿಗೆ ತೆರೆದರು. ಮಂಜು ಇತ್ತು. ಪ್ರಮಾಣ ಇತ್ತು. ಹಾಲು ಇರಲಿಲ್ಲ. ಕನ್ನಡಕ ತೆಗೆದು ಸವಾರರನ್ನು ನೋಡಿ, "ಹೆಲ್ಮೆಟ್ ಇಲ್ಲ. ಬಸ್ಸಲ್ಲಿ ತಂದಿರಾ?" ಎಂದರು.

"ಬಸ್ಸಲ್ಲಿ ಬಂದಿದ್ದು ನಾನು ಸಾ. ಪೆಟ್ಗೆ ನನ್ ತೊಡೆ ಮ್ಯಾಲೆ ಬಂತು."

ಕಿಟಕಿಯವರು ಕನ್ನಡಕ ಮತ್ತೆ ಏರಿಸಿಕೊಂಡರಂತೆ. ಆಮೇಲೆ ಮೊಹರನ್ನು ಪಕ್ಕಕ್ಕಿಟ್ಟು, ಪೆಟ್ಟಿಗೆ ಒಳಗೆಳೆದುಕೊಂಡರು.

ಕೊನೆಯ ಮಾದರಿ

ಶನಿವಾರ ವರದಿ ಬಂತು. ಕ್ಷಯವಿಲ್ಲ. ವೈದ್ಯರು ವಿಚಾರಿಸಿದಾಗ, ಅಕ್ಕ ಹಬ್ಬಕ್ಕೆಂದು ವರ್ಷಕ್ಕಾಗುವಷ್ಟು ಮೆಣಸಿನಕಾಯಿಯನ್ನು ಕಿಟಕಿ ಮುಚ್ಚಿಕೊಂಡು ಹುರಿದದ್ದು ಹೊರಬಿತ್ತು. ಸೋಮವಾರ ಸೌಟು ಅವರ ಕೈಗೆ ಮರಳಿತು. ಮಕ್ಕಳು ತಪ್ಪಿಹೋದ ಅಷ್ಟೂ ದಿನದ ಸಾರನ್ನು ಅಂದೇ ಕುಡಿದರು ಎಂದು ಅಕ್ಕ ಹೇಳಿದ್ದನ್ನು ನಾನು ಪೂರ್ತಿ ನಂಬಿದ್ದೇನೆ.

ಆ ವಾರವೇ ಅಕ್ಕ ಒಂದು ಪಾರ್ಸೆಲ್ಲಿನೊಂದಿಗೆ ಬಂದರು. ಕಿಟಕಿಯವರಿಗೆ ತಲುಪಿಸಬೇಕಂತೆ.

"ಏನಕ್ಕ ಇದು?"

"ಕಾಯಿ ಓಳಿಗೆ. ನಿಮ್ ನಿಯಮದಂಗೇ ಕಟ್ಟಿವ್ನಿ. ಈ ಸಲ ವಾಪಸ್ ಬರಬಾರ್ದು."

ನೋಡಿದೆ. ಹೋಳಿಗೆಗೆ ಬಾಳೆಲೆ ಸುತ್ತಿತ್ತು, ಒಂದನೆಯ ಪದರ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಎರಡು. ಬಟ್ಟೆಯ ಚೀಲ, ಮೂರು. ಚೀಲದ ಮೇಲೆ ಇದ್ದಿಲಿನಲ್ಲಿ ಬರೆದ ಮೇಲ್ಮುಖ ಬಾಣ. ಚೀಟಿ ಪ್ರತ್ಯೇಕ ಕವರಿನಲ್ಲಿತ್ತು. ಕ್ಲಿನಿಕ್ಕಿನಿಂದಲೇ ಒಂದು ಖಾಲಿ ಚೀಟಿ ಕೇಳಿ ತಂದು, ಶಾಲೆಯ ಮಗುವಿನ ಕೈಲಿ ತುಂಬಿಸಿದ್ದರು. ಮಾದರಿಯ ಬಗೆ: ಹೋಳಿಗೆ. ಸಂಗ್ರಹಿಸಿದ ಸಮಯ: ಬೆಳಿಗ್ಗೆ ಆರು. ಲಕ್ಷಣಗಳು: ತುಪ್ಪ ಹಾಕಿದೆ.

ಆಹಾರವಾದ್ದರಿಂದ ಕಫದ ಪೆಟ್ಟಿಗೆಯ ಹತ್ತಿರಕ್ಕೂ ಬಿಡದೆ, ಬೇರೆ ದಿನ, ಬೇರೆ ಚೀಲದಲ್ಲಿ ಕಳಿಸಿದೆ. ಸಂಜೆ ಸವಾರರು ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟರು. ತೊಳೆದು ಒರೆಸಿತ್ತು.

"ಏನಂದರು?"

"ಡಬ್ಬಿ ಕೊಟ್ರು ಸಾ. ಚೀಟಿ ಕೊಟ್ರು."

ಉತ್ತರ ಕೇಳಲೆಂದು ಅಂದು ಮತ್ತೆ ಬಂದಿದ್ದ ಅಕ್ಕ ಬೇಗೂರಿನ ಬಸ್ಸನ್ನೂ ಬಿಟ್ಟು ಕಾಯುತ್ತಿದ್ದರು. ಅವರ ಎದುರಿಗೇ ಕವರು ಬಿಚ್ಚಿದೆ. ಮೊಹರಿತ್ತು, ಸಹಿಯಿತ್ತು. ಗಟ್ಟಿಯಾಗಿ ಓದಿದೆ:

"ತಿರಸ್ಕೃತ. ಕಾರಣ: ಪ್ರಮಾಣ ಸಾಲದು. ಮತ್ತೊಮ್ಮೆ ಮಾದರಿ ಕಳುಹಿಸಿ."